ಮರಳುಗಡಿಯಾರದ ವಿಮರ್ಶಕರು

ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು ಮಾರುವವನಿಗೆ ವಿಜ್ಞಾನಿಗಳ ಮೇಲೆ ಭಕ್ತಿ ಉಳಿಯುವುದು ಕಷ್ಟ. ಜಗತ್ತಿನ ಗುಟ್ಟು ಬಿಡಿಸುವ ಮಹನೀಯರು ಒಡೆದ ಬೀಕರ್ ತಂದು, “ಪೆಟ್ಟಿಗೆಯಲ್ಲೇ ಹೀಗಿತ್ತು” ಎಂದು ನನ್ನ ಮುಖ ನೋಡದೆ ಹೇಳುವುದನ್ನು ಇಪ್ಪತ್ತಾರು ವರ್ಷ ಕೇಳಿದ್ದೇನೆ. ಹಾಗೆ ಹೇಳದ ಗಿರಾಕಿ ಒಬ್ಬರೇ, ತಕ್ಕಡಿಯಮ್ಮ. ತಾವು ಒಡೆದದ್ದನ್ನು ತಾವೇ ಒಡೆದೆ ಎನ್ನುತ್ತಿದ್ದರು. ನಾನು ಕೊಟ್ಟ ಗಾಜಿನಲ್ಲಿ ಗುಳ್ಳೆ ಕಂಡರೆ ಮಾತ್ರ ಅದನ್ನು ಬೆಳಕಿಗೆ ಹಿಡಿದು, ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತಿದ್ದರು.

ನೀರು ಪರೀಕ್ಷಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಅವರು ಸಹಾಯಕಿ. ನೆಲಮಾಳಿಗೆಯಲ್ಲಿ ಅವರ ಮೇಜು. ಕಿಟಕಿಯಿಂದ ಸೈಕಲ್ ಚಕ್ರಗಳು, ಚಪ್ಪಲಿಗಳು ಮಾತ್ರ ಕಾಣುತ್ತವೆ. ಒಂದು ಚಿಟಿಕೆ ಪುಡಿಯನ್ನೂ ಮೂರು ಸಲ ತೂಗುವುದರಿಂದ ಆ ಅಡ್ಡಹೆಸರು. ರಸ್ತೆಯಾಚೆ ದೊಡ್ಡ ಸಂಸ್ಥೆ. ಅದರ ಮುಖ್ಯಸ್ಥರು ತಕ್ಕಡಿಯಮ್ಮನ ಸ್ವಂತ ಭಾವ, ಒಡಹುಟ್ಟಿದ ಅಕ್ಕನ ಗಂಡ.

ಭಾವ ಕೀರ್ತಿ ಗಳಿಸಿದ್ದು ಸೀಸದ ಪಟ್ಟಿಯಿಂದ. ಅದೊಂದು ಕಾಗದದ ಚೂರು. ನೀರಿಗೆ ಅದ್ದಿ ಒಂದು ನಿಮಿಷ ಬಿಟ್ಟು ನೋಡಬೇಕು. ನೀರಿನಲ್ಲಿ ಸೀಸವಿದ್ದರೆ ಕೆಂಪಾಗುತ್ತದೆ. ಶಾಲೆಗಳೆಲ್ಲ ಅದನ್ನೇ ನಂಬಿದ್ದವು, ಮಾರುತ್ತಿದ್ದವನು ನಾನು. ನೀರು ಬೆಚ್ಚಗಿದ್ದರೆ ಆ ಒಂದು ನಿಮಿಷದಲ್ಲಿ ಪಟ್ಟಿ ಕೆಂಪಾಗುವುದೇ ಇಲ್ಲವೆಂದು ತಕ್ಕಡಿಯಮ್ಮ ಕಂಡುಕೊಂಡರು. ಶಾಲೆಯ ಮಾಳಿಗೆಯ ಮೇಲಿನ ತೊಟ್ಟಿಯ ನೀರು ಮಧ್ಯಾಹ್ನಕ್ಕೆ ಬೆಚ್ಚಗೇ ಇರುತ್ತದೆ. ಅಂದರೆ ಮಕ್ಕಳು ಸೀಸ ಕುಡಿಯುತ್ತಿದ್ದರೂ ಪಟ್ಟಿ ಬೆಳ್ಳಗೆ ನಗುತ್ತಿತ್ತು. ನಾನೂರು ಸಲ ಅದ್ದಿ ನೋಡಿ, ಬರೆದು, ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದರು.

ಆ ಪತ್ರಿಕೆಗಳ ವ್ಯಾಪಾರವನ್ನು ಅವರು ಬಿಡಿಸಿ ಹೇಳಿದಾಗ ನನಗೆ ಹೊಟ್ಟೆ ಉರಿಯಿತು. ಬರೆಯುವವರು ಪುಕ್ಕಟೆ ಬರೆಯುತ್ತಾರೆ, ತಪ್ಪು ಹುಡುಕುವವರು ಪುಕ್ಕಟೆ ಹುಡುಕುತ್ತಾರೆ, ಅಚ್ಚಾದ ಮೇಲೆ ಓದಬೇಕೆಂದರೆ ಇಬ್ಬರೂ ದುಡ್ಡು ಬಿಚ್ಚಬೇಕು. ಇಂಥದೊಂದು ಅಂಗಡಿ ನನ್ನ ತಲೆಗೆ ಹೊಳೆಯದೆ ಹೋಯಿತಲ್ಲ. ತಪ್ಪು ಹುಡುಕುವ ವಿಮರ್ಶಕರ ಹೆಸರನ್ನು ಬರೆದವರಿಗೆ ಹೇಳುವುದಿಲ್ಲ. ಬರೆದವರ ಹೆಸರು ಮಾತ್ರ ಅವರಿಗೆ ಗೊತ್ತಿರುತ್ತದೆ. ತೀರ್ಮಾನವಾಗುವ ತನಕ ಬರೆದವರು ಬೇರೆಲ್ಲೂ ಬಾಯಿ ಬಿಡುವಂತಿಲ್ಲ.

ತಕ್ಕಡಿಯಮ್ಮ ಹದಿನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದರು. ಅಷ್ಟು ದಿನವೂ ನಾನು ಪಟ್ಟಿ ಮಾರಿದೆ.

ಕೊನೆಗೊಂದು ದಿನ ಅಂಗಡಿಗೆ ಬಂದು, ಮರಳುಗಡಿಯಾರ ಇದೆಯೇ ಎಂದು ಕೇಳಿದರು. ಅರ್ಧ ನಿಮಿಷದ್ದೇ ಬೇಕಂತೆ. ಯಾಕೆ ಎಂದು ಕೇಳಿದ್ದಕ್ಕೆ ಕೈಯಲ್ಲಿದ್ದ ಹಾಳೆ ಮುಂದೆ ಹಿಡಿದರು. ಬರಹವನ್ನು ತಿರಸ್ಕರಿಸಲಾಗಿತ್ತು. ಹೆಸರಿಲ್ಲದ ವಿಮರ್ಶಕರೊಬ್ಬರು ಬರೆದಿದ್ದರು: ಪಟ್ಟಿ ಅದ್ದಿದ ಮೇಲೆ ಅರ್ಧ ನಿಮಿಷದ ಮರಳು ಆರು ಸಲ ಇಳಿಯುವವರೆಗೆ ಕಾಯಬೇಕಿತ್ತು, ಲೇಖಕಿಗೆ ಈ ಮೂಲ ಶಿಸ್ತೂ ತಿಳಿದಂತಿಲ್ಲ.

ಒಳ್ಳೆಯ ಗಿರಾಕಿಯ ವಿಷಯ ಇನ್ನೊಬ್ಬ ಗಿರಾಕಿಗೆ ಹೇಳಬಾರದು. ಆದರೆ ಆ ‘ಮೂಲ ಶಿಸ್ತು’ ನನ್ನನ್ನೂ ಚುಚ್ಚಿತು. ಫೋನಿನಲ್ಲಿ ಗಂಟೆ ನೋಡುವ ಈ ಕಾಲದಲ್ಲಿ ಮರಳುಗಡಿಯಾರ ಯಾರು ಕೊಳ್ಳುತ್ತಾರೆ? ಇಷ್ಟು ವರ್ಷದಲ್ಲಿ ಒಂದೇ ಸಲ ಮೂರು ತರಿಸಿದ್ದೆ, ಅರ್ಧ ನಿಮಿಷದವು. ಮೂರನ್ನೂ ಒಬ್ಬರೇ ಕೊಂಡರು.

“ನಿಮ್ಮ ಭಾವ,” ಎಂದೆ.

ತಕ್ಕಡಿಯಮ್ಮ ಬೆಪ್ಪಾಗಲಿಲ್ಲ. ಪಟ್ಟಿಯ ಬಗ್ಗೆ ಬಲ್ಲವರು ಯಾರೆಂದು ಪತ್ರಿಕೆಯವರು ಹುಡುಕಿದರೆ ಮೊದಲು ಸಿಗುವುದು ಅದನ್ನು ಮಾಡಿದವರೇ ಎಂದರು. ಕಳ್ಳತನದ ದೂರನ್ನು ಕಳ್ಳನ ಕೈಗೇ ಕೊಟ್ಟು ವಿಚಾರಿಸು ಎಂದ ಹಾಗೆ. ನೆಲಮಾಳಿಗೆಗೆ ಹೋಗಿ ಮೂರು ನಿಮಿಷ ಕಾದು ನೋಡಿದರು. ಬೆಚ್ಚಗಿನ ನೀರಿನಲ್ಲಿ ಪಟ್ಟಿ ಕೆಂಪಾಯಿತು.

ಶನಿವಾರ ಭಾವ ಎಂದಿನಂತೆ ಅಂಗಡಿಗೆ ಬರುವ ಹೊತ್ತಿಗೆ ತಕ್ಕಡಿಯಮ್ಮ ನನ್ನ ಸ್ಟೂಲಿನ ಮೇಲೆ ಕೂತಿದ್ದರು.

“ಭಾವ, ಮೂರು ನಿಮಿಷ ಕಾಯಬೇಕು ಅಂತ ನಿಮಗೆ ಗೊತ್ತಿತ್ತು. ಪೊಟ್ಟಣದ ಮೇಲೆ ಒಂದು ಅಂತ ಯಾಕಿದೆ?”

ಭಾವ ನನ್ನತ್ತ ನೋಡಿದರು. ನಾನು ಗಾಜಿನ ಕೊಳವೆಗಳ ಧೂಳು ಒರೆಸುವುದರಲ್ಲಿ ಮುಳುಗಿದ್ದೆ.

“ವಿಮರ್ಶೆ ಮಾಡಿದವರು ಯಾರು ಅಂತ ಕೆದಕೋದು ತಪ್ಪಮ್ಮ. ಅದಕ್ಕೊಂದು ನಿಯಮ ಇದೆ.”

“ನಿಯಮದ ಹಿಂದೆ ಕೂತು ಹದಿನಾಲ್ಕು ತಿಂಗಳು ಅದುಮಿಟ್ಕೊಂಡ್ರಲ್ಲ, ಅದು?”

“ಮೂರು ಸಲ ತೂಗಿದ ಮಾತ್ರಕ್ಕೆ ಯಾರೂ ವಿಜ್ಞಾನಿ ಆಗಲ್ಲ. ನಿನ್ನ ಅಕ್ಕನ ಮುಖ ನೋಡಿ ಸುಮ್ನಿದ್ದೀನಿ.”

“ಅಕ್ಕನ ಮುಖ ನಾನು ನೋಡ್ಕೋತೀನಿ. ನೀವು ನೀರು ನೋಡಿ.”

ಭಾವ ಏನನ್ನೂ ಕೊಳ್ಳದೆ ಹೋದರು. ನನಗೆ ಆದ ನಷ್ಟ ಅಷ್ಟೇ.

ಸೋಮವಾರ ತಕ್ಕಡಿಯಮ್ಮ, ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದಾದ ಒಂದು ಜಾಲತಾಣದಲ್ಲಿ ಎಲ್ಲವನ್ನೂ ಹಾಕಿದರು: ಬರಹ, ಫೋಟೋ ಸಮೇತ ನಾನೂರು ಪರೀಕ್ಷೆಗಳ ಫಲ, ಅವುಗಳಲ್ಲಿ ತಮ್ಮ ಮಾತಿಗೆ ವಿರುದ್ಧವಾಗಿ ಬಂದ ಮೂವತ್ತೊಂದು, ಹೆಸರಿಲ್ಲದ ಆ ವಿಮರ್ಶೆ, ಅದಕ್ಕೆ ತಮ್ಮ ಉತ್ತರ. ಭಾವನ ಹೆಸರು ಬರೆಯಲಿಲ್ಲ. ಕೆಳಗೆ ಒಂದೇ ಸಾಲು: ಮಾಡಿ ನೋಡಿದವರು ತಮ್ಮ ಹೆಸರು ಹಾಕಿ ಬರೆಯಿರಿ.

ನಾನು ಅಂದೇ ಪಟ್ಟಿಯ ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ಧರ್ಮಕ್ಕಲ್ಲ, ನಾಳೆ ವಾಪಸು ಬರುವ ಮಾಲನ್ನು ಇಂದು ಮಾರುವವನು ದಡ್ಡ.

ಅಕ್ಕ ಫೋನ್ ಮಾಡಿ, ಮನೆಯ ಮಾತನ್ನು ಬೀದಿಗೆ ತಂದೆ ಎಂದು ಬೈದು, ಮಾತು ಬಿಟ್ಟರು. ತಕ್ಕಡಿಯಮ್ಮನ ಸಂಸ್ಥೆಯವರು ಯಾರನ್ನು ಕೇಳಿ ಹಾಕಿದೆ ಎಂದು ಕಾಗದ ಕೊಟ್ಟರು. ಎರಡೂ ಸಂಸ್ಥೆಯವರು ಉಣ್ಣುವ ಕ್ಯಾಂಟೀನಿನಲ್ಲಿ ಭಾವನ ಶಿಷ್ಯರು ಅವರು ಕೂತೊಡನೆ ಎದ್ದು ಬೇರೆ ಮೇಜಿಗೆ ಹೋಗತೊಡಗಿದರು. ತಕ್ಕಡಿಯಮ್ಮ ಅಲ್ಲೇ ಕೂತು ಊಟ ಮಾಡಿ ಬಂದರು.

ಮೂರು ವಾರದಲ್ಲಿ ನಾಲ್ಕು ಕಡೆಯವರು ಮಾಡಿ ನೋಡಿ ಬರೆದರು. ಮೂವರಿಗೆ ಅದೇ ಫಲ ಬಂದಿತ್ತು. ನಾಲ್ಕನೆಯವಳು ದೂರದೂರಿನ ಶಾಲೆಯ ಟೀಚರ್. ಫೋಟೋದಲ್ಲಿ ನಿಮ್ಮ ಥರ್ಮಾಮೀಟರ್ ಪಾತ್ರೆಯ ತಳಕ್ಕೆ ತಾಗಿದೆ, ಅದರಿಂದ ಹನ್ನೆರಡು ಪರೀಕ್ಷೆಗಳ ಅಂಕಿ ತಪ್ಪು ಎಂದು ಬರೆದಿದ್ದಳು. ಅವಳು ಹೇಳಿದ್ದು ಸರಿಯಾಗಿತ್ತು. ತಕ್ಕಡಿಯಮ್ಮ ಆ ಮಧ್ಯಾಹ್ನವೇ ತಿದ್ದಿ, ತಿದ್ದಿಸಿದವಳ ಹೆಸರನ್ನು ತಮ್ಮ ಹೆಸರಿನ ಪಕ್ಕ ಬರೆದರು. ಅದನ್ನು ನನಗೆ ತೋರಿಸಿದಾಗಿನಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿರಲಿಲ್ಲ. ಶಾಲೆಗಳಿಗೆ ಮೂರು ನಿಮಿಷ ಕಾಯಿರಿ ಎಂಬ ಸೂಚನೆ ಹೋಯಿತು. ಭಾವ ಹೊಸ ಪೊಟ್ಟಣ ಅಚ್ಚು ಹಾಕಿಸಿದರು; ಯಾರು ಹೇಳಿ ಬದಲಾಯಿತೆಂದು ಅದರ ಮೇಲಿಲ್ಲ.

ಆಮೇಲೆ ಪತ್ರಿಕೆಯವರ ಕಾಗದ ಬಂತು. ಬರಹವನ್ನು ಮರುಪರಿಶೀಲಿಸಲು ತಾವು ಸಿದ್ಧ, ಆದರೆ ಈಗಾಗಲೇ ಬೇರೆಡೆ ಬಹಿರಂಗವಾಗಿರುವುದರಿಂದ ಮೊದಲು ಅದನ್ನು ಅಲ್ಲಿಂದ ತೆಗೆಯಬೇಕು. ಪತ್ರಿಕೆಯಲ್ಲಿ ಅಚ್ಚಾದರೆ ಸಹಾಯಕಿ ಎಂಬ ಹಣೆಪಟ್ಟಿ ಹೋಗಿ ಬಡ್ತಿ ಸಿಗುತ್ತಿತ್ತು. ಯೋಚಿಸಿ ನೋಡಿ ಎಂದು ನಾನೂ ಹೇಳಿದೆ.

ಅವರು ನನ್ನ ಕೌಂಟರಿನ ಮೇಲೆಯೇ ಉತ್ತರ ಬರೆದರು: “ತೆಗೆಯುವುದಿಲ್ಲ. ನಿಮ್ಮ ವಿಮರ್ಶಕರಿಗೂ ಅಲ್ಲಿ ಜಾಗವಿದೆ. ಹೆಸರು ಹಾಕಿ ಬರಲಿ.”