ಮಾಳಪ್ಪ ಕಾಕಾನ ಮೂರನೆಯ ಕೂಗು

ದೆವ್ವ ಕಂಡೆ ಅಂದವರನ್ನು ನಾನು ಎಂದೂ ನಂಬಿದವನಲ್ಲ. ಅವರು ಕಥೆ ಹೇಳುವಾಗ ಕಣ್ಣು ಹೇಗೆ ಅಗಲಿಸುತ್ತಾರೆ, ಎಲ್ಲಿ ಉಗುಳು ನುಂಗುತ್ತಾರೆ ಅಂತ ನೋಡಿಕೊಂಡು ಬಂದು, ಗುಳೇದಗುಡ್ಡದ ನಮ್ಮ ಓಣಿಯ ಕಟ್ಟೆಯ ಮೇಲೆ ಹಾಗೇ ಮಾಡಿ ತೋರಿಸುತ್ತಿದ್ದೆ. ಈಗಲೂ ದೆವ್ವ ಇದೆ ಅಂತ ಹೇಳಲು ಕೂತಿಲ್ಲ. ನಡೆದದ್ದು ಹೇಳುತ್ತೇನೆ, ಆಮೇಲೆ ನೀವು ನನ್ನನ್ನೂ ಅಣಕಿಸಿರಿ.

ನಮ್ಮ ಮನೆಯಲ್ಲಿ ಖಣ ನೇಯುವ ಮಗ್ಗ. ಆದರೆ ನನಗೆ ಕೈಗಿಂತ ಬಾಯಿ ಚುರುಕು. ಇಳಕಲ್ ಬಸ್ಸಿನ ಕಂಡಕ್ಟರ್, ಸಾಲಿಯ ಮಾಸ್ತರ್, ಮೂಗಿನಲ್ಲಿ ಮಾತಾಡುವ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಕನ್ಯಾ ನೋಡಲು ಹೋದಾಗ ನಾನೇ ಹೇಗೆ ತೊದಲಿದೆ ಅನ್ನುವುದನ್ನೂ ಹತ್ತು ಸಲ ಮಾಡಿ ತೋರಿಸಿದ್ದೇನೆ. ಸಂಬಂಧ ಕೂಡಿಬರಲಿಲ್ಲ, ಆಟ ಮಾತ್ರ ಭಾಳ ಚಲೋ ನಡೆಯಿತು.

ಎಮರ್ಜೆನ್ಸಿ ಮುಗಿದ ಮರುವರ್ಷ ಇರಬೇಕು. ಊರಾಚೆ ಗುಡ್ಡದ ಬುಡದಲ್ಲಿ ಕುರಿ ಸಾಕಿಕೊಂಡಿದ್ದ ಮಾಳಪ್ಪ ಕಾಕಾ ಜ್ವರ ಬಂದು ತೀರಿಕೊಂಡ. ಅಣ್ಣತಮ್ಮಂದಿರ ಪಾಲಿನ ಕುರಿಗಳನ್ನು ಅವರವರು ಗುಡ್ಡದಿಂದ ಇಳಿಸಿಕೊಂಡರು. ಕಾಕಾನ ಸ್ವಂತದ ಹದಿನೆಂಟು ಮಾತ್ರ ಒಂದು ಮುದಿ ಕುರಿಯ ಬೆನ್ನು ಹತ್ತಿ ಗುಡ್ಡದ ಮೇಲಿನ ಜೋಡುಕೋಡು ಅನ್ನುವ ಎರಡು ಶಿಖರಗಳ ಕಾಡಿನಲ್ಲೇ ಉಳಿದವು. ಯಾರು ಕರೆದರೂ ಇಳಿಯುವುದು ಬಿಟ್ಟು ಇನ್ನೂ ಮೇಲೆ ಏರುತ್ತಿದ್ದವು. ಒಂದು ವಾರದಲ್ಲಿ ಎರಡನ್ನು ತೋಳ ಒಯ್ದಿತು. ಕಾಕಾನ ಹೆಂಡತಿ ನೀಲವ್ವ ಚಿಗವ್ವನಿಗೆ ಬದುಕು ಅಂತ ಇದ್ದದ್ದು ಆ ಕುರಿಗಳೇ.

ನಮ್ಮ ಕಡೆ ಕುರಿ ಕಾಯುವ ಒಬ್ಬೊಬ್ಬನಿಗೂ ಅವನದೇ ಒಂದು ಕೂಗು. ಕುರಿ ತಿರುಗುವುದು ಅದಕ್ಕಷ್ಟೇ. ಅವನು ಸತ್ತರೆ, ದಿವಸದ ಕಾರ್ಯ ಮುಗಿದು ಅವನ ಕೋಲು, ಕಂಬಳಿ ಇನ್ನೊಬ್ಬರ ಕೈಗೆ ಬರುವ ತನಕ ಆ ಕೂಗನ್ನು ಯಾರೂ ಬಾಯಿಗೆ ತರುವಂತಿಲ್ಲ. ನಾನು, "ಅದನ್ನ ನಾ ಕೂಗ್ತೇನಿ" ಅಂದೆ. ಬೀರಪ್ಪನ ಗುಡಿಯ ಪೂಜಾರಿ ಅಜ್ಜ ಕೆಂಡವಾದ.

"ಲೇ ಮಂಗ್ಯಾ, ಸತ್ತಾವನ ದನಿ ತಗೀಬ್ಯಾಡ. ಕಟ್ಟಿ ಮ್ಯಾಲಿನ ಆಟ ಅಲ್ಲ ಅದು."

"ಕೂಗಿಗೂ ಸೂತಕ ಐತೇನ್ ಅಜ್ಜಾ? ಹಂಗಾದ್ರ ತೋಳಕ್ಕೂ ಒಂದೀಟು ತಿಳಿಸಿ ಹೇಳು."

ಅಜ್ಜ ಕೋಲು ಎತ್ತಿದ. ನೀಲವ್ವ ಚಿಗವ್ವ ನಡುವೆ ಬಂದಳು. "ಹೋಗಪಾ ನೀ. ಬೈಗುಳ ಎಲ್ಲಾ ನಾ ತಿಂತೇನಿ. ನನ್ನ ಕುರಿ ಇಳಿಸಿಕೊಂಡು ಬಾ."

ಹೊಸಬರು ಗುಂಪಾಗಿ ಹೋದರೆ ಕುರಿ ಬೆದರುತ್ತವೆ ಅಂತ ನಸುಕಿನಲ್ಲಿ ಒಬ್ಬನೇ ಹೊರಟೆ. ಕೆಂಪು ಬಂಡೆ, ಕಾರೆ ಮುಳ್ಳು, ಆಳೆತ್ತರದ ಸೀತಾಫಲದ ಪೊದೆ. ಕಾಲುದಾರಿ ಎರಡು ಸಲ ತಪ್ಪಿತು, ಅಂಗಿ ಮೂರು ಕಡೆ ಹರಿಯಿತು. ದಾರಿಯುದ್ದಕ್ಕೂ ಪೂಜಾರಿ ಅಜ್ಜನ ದನಿಯಲ್ಲಿ ನನ್ನನ್ನು ನಾನೇ ಬೈದುಕೊಳ್ಳುತ್ತಾ ನಡೆದೆ. ಖರೆ ಹೇಳಬೇಕೆಂದರೆ, ಅಂಜಿಕೆ ಗೊತ್ತಾಗಬಾರದು ಅಂತ.

ಮೊದಲ ಕೋಡು ಮುಟ್ಟಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ನಡುವೆ ಆಳದ ಕೊಳ್ಳ. ಆಚೆಯ ಕೋಡಿನ ನೆತ್ತಿಯ ಕೆಳಗೆ ಕುರಿಗಳು ಮೇಯುತ್ತಿದ್ದವು. ಕಾಕಾನ ಹಾಗೆ ಎದೆಯಿಂದ ಉದ್ದಕ್ಕೆ "ಹೋ" ಎಳೆದು, ಕೊನೆಗೆ ನಾಲಿಗೆ ನಡುಗಿಸಿ "ತ್ರ್ರ್ರಾ" ಅಂದೆ. ಕುರಿಗಳು ತಲೆ ಎತ್ತಿದವು, ನೋಡಿದವು, ಮತ್ತೆ ಮೇಯತೊಡಗಿದವು. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದೆ. ಮುದಿ ಕುರಿ ನನಗೆ ಬೆನ್ನು ತಿರುಗಿಸಿ ನಿಂತಿತು. ನನ್ನ ಜನ್ಮದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಬಂಡೆಯ ನೆರಳಿಗೆ ಕೂತು ಬುತ್ತಿ ಬಿಚ್ಚಿದೆ.

ಬಾಯಿ ತುಂಬ ರೊಟ್ಟಿ ಇದ್ದಾಗಲೇ ಆ ಕೂಗು ಬಂತು. ಆಚೆಯ ಕೋಡಿನಿಂದ. ಅದೇ "ಹೋ", ಆದರೆ ನಡುವೆ ಒಂದು ಕಡೆ ಉಸಿರು ಕಡಿದು, ಮತ್ತೆ ಹತ್ತಿಕೊಂಡಿತು. ಕಡೆಯ ವರ್ಷಗಳಲ್ಲಿ ಕಾಕಾನಿಗೆ ದಮ್ಮು ಹತ್ತುತ್ತಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಕುರಿಗಳೆಲ್ಲ ಒಮ್ಮೆಲೇ ತಿರುಗಿ, ಮುದಿ ಕುರಿ ಮುಂದಾಗಿ, ಸಾಲಾಗಿ ಕೊಳ್ಳಕ್ಕೆ ಇಳಿದು, ಗುಡ್ಡದ ಬುಡದ ಕುರಿದಡ್ಡಿಯ ದಾರಿ ಹಿಡಿದವು.

ನನಗೆ ಮೊದಲು ಬಂದದ್ದು ಅಂಜಿಕೆಯಲ್ಲ, ಸಿಟ್ಟು. ಊರನ್ನೆಲ್ಲ ಅಣಕಿಸುವ ನನ್ನನ್ನೇ ಅಣಕಿಸುವವನು ಯಾವನು? "ಯಾವನ್ಲೇ ಅಂವಾ? ಗಂಡಸಾದ್ರ ಹೊರಗ ಬಾ!" ಅಂತ ಒದರುತ್ತಾ ಕೊಳ್ಳ ಇಳಿದು ಆಚೆಯ ಕೋಡು ಹತ್ತಿದೆ. ಪೊದೆ ಪೊದೆ ಸರಿಸಿ ನೋಡಿದೆ. ಕುರಿಯ ಹೆಜ್ಜೆಗಳಿದ್ದವು, ಹಿಕ್ಕೆಗಳಿದ್ದವು. ಮನುಷ್ಯರ ಒಂದು ಹೆಜ್ಜೆ ಇಲ್ಲ, ಸೇದಿ ಬಿಸಾಕಿದ ಒಂದು ಬೀಡಿ ಇಲ್ಲ. ಕೋಡಿನ ಆಚೆ ಬರೀ ಕಡಿದಾದ ಬಂಡೆ. ಹತ್ತಲೂ ಆಗದು, ಇಳಿಯಲೂ ಆಗದು. ಆಗ ಬುತ್ತಿಯನ್ನೂ ಮರೆತು ಇಳಿಜಾರು ಹಿಡಿದೆ, ಸುಳ್ಳು ಹೇಳುವುದಿಲ್ಲ.

ಹೊತ್ತು ಇಳಿಯುವಾಗ ಕೆಳಗೆ ಬಂದೆ. ದಡ್ಡಿಯಲ್ಲಿ ಹದಿನಾರೂ ಕುರಿ ಬಂದು ನಿಂತಿದ್ದವು. ಚಿಗವ್ವ ಅಳುತ್ತಾ ನಗುತ್ತಾ ನನ್ನ ಗದ್ದ ಹಿಡಿದಳು.

"ಕೂಗು ಇಲ್ಲಿ ತನಕ ಕೇಳಿದ್ವು. ಮೊದಲಿನ ಎರಡೂ ನೀ ಅಂತ ಗೊತ್ತಾತು. ಮೂರನೇದು ಥೇಟ ಅವರದ ಆತು ನೋಡಪಾ!"

"ಮೂರನೇದು ನಾ ಕೂಗಿಲ್ಲ ಚಿಗವ್ವ."

"ಸುಮ್ನಿರೋ ಮಳ್ಳ," ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ಪೂಜಾರಿ ಅಜ್ಜ ಕೂಡ ಬಂದು ಬೆನ್ನು ಚಪ್ಪರಿಸಿದ. ಸುಳ್ಳು ದನಿ ತೆಗೆದಾಗಲೆಲ್ಲ ಖರೆ ಅಂದ ಜನ, ಜೀವಮಾನದಲ್ಲಿ ಒಮ್ಮೆ ಖರೆ ಹೇಳಿದರೆ ಆಟ ಅಂದರು. ಶಿರೂರಿನ ತನಕ ಹೋಗಿ ಕುರಿ ಕಾಯುವವರನ್ನೆಲ್ಲ ಕೇಳಿದೆ. ಆ ದಿನ ಆ ಗುಡ್ಡಕ್ಕೆ ಹೋದವರು ಒಬ್ಬರೂ ಇಲ್ಲ.

ದಿವಸದ ಕಾರ್ಯ ಮುಗಿದ ಮೇಲೆ ಕೋಲು, ಕಂಬಳಿ ಯಾರಿಗೆ ಅಂತ ಮಾತು ಬಂತು. ಚಿಗವ್ವ ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡಳು. ಮರುದಿನ ನನ್ನನ್ನು ಕರೆಸಿದಳು. "ಆ ಮೂರನೇ ಕೂಗು ನನಗ ಕಲಿಸು. ನಾಳಿಂದ ನಾ ಕಾಯಬೇಕು."

ಕೂಗಿದೆ. ಉಸಿರು ಕಡಿದು ಕೂಗಿದೆ, ದಮ್ಮು ಹಿಡಿದು ಕೂಗಿದೆ, ಕಣ್ಣಲ್ಲಿ ನೀರು ಬರುವ ತನಕ ಕೂಗಿದೆ. ಚಿಗವ್ವ ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದಳು. ಆಮೇಲೆ ಕಣ್ಣು ತೆರೆದಳು.

"ಹೌದು," ಅಂದಳು. "ನಿನಗ ಬರೂದಿಲ್ಲ."

ಎದ್ದು ದಡ್ಡಿಯ ಬಾಗಿಲಿಗೆ ಹೋಗಿ, ತನ್ನದೇ ದನಿಯಲ್ಲಿ ಕುರಿಗಳನ್ನು ಕರೆಯತೊಡಗಿದಳು.

ಇದಾಗಿ ಐದಾರು ವರ್ಷ ಆಯಿತು. ಓಣಿಯಲ್ಲಿ ಈಗಲೂ ನನಗೆ ಅದೇ ಕೂಗಿಗಾಗಿ ಚಪ್ಪಾಳೆ ಬೀಳುತ್ತದೆ. ನಾನು ತಗೊಳ್ಳುವುದಿಲ್ಲ. ಯಾರದೋ ಏನೋ, ಬೇಕಾದವರು ಬಂದು ಒಯ್ಯಲಿ.