ಅಟ್ಟದ ಕೆಳಗಿನ ಮೂರನೇ ಭಾಗ

ಹಳೆಯ ಕಂಪ್ಯೂಟರಿನ ಡಬ್ಬ ಬಿಚ್ಚಿದರೆ ನಿಮ್ಮ ಮನೆಯಲ್ಲಿ ಏನು ವಾಸನೆ ಬರುತ್ತದೋ ಗೊತ್ತಿಲ್ಲ, ನಮ್ಮದರಲ್ಲಿ ಕೊಬ್ಬರಿಯ ವಾಸನೆ ಬಂತು. ಹೋದ ಭಾನುವಾರ ಹೊನ್ನವಳ್ಳಿಯ ಮನೆಗೆ ಹೋಗಿದ್ದಾಗ, ಗುಜರಿಗೆ ಹಾಕುವ ಮುಂಚೆ ಒಂದು ಸಲ ಒಳಗೆ ನೋಡೋಣವೆಂದು ಸ್ಕ್ರೂ ತಿರುಗಿಸಿದ್ದೆ. ಫ್ಯಾನಿನ ರೆಕ್ಕೆಗಳಿಗೆ ಧೂಳು ಮೆತ್ತಿತ್ತು, ಧೂಳಿನಲ್ಲಿ ತೆಂಗಿನ ನಾರು ಸಿಕ್ಕಿಕೊಂಡಿತ್ತು. ಮೂಗು ಹತ್ತಿರ ಒಯ್ದದ್ದೇ ತಪ್ಪಾಯಿತು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ನನ್ನ ಹೊಸ ಲ್ಯಾಪ್‌ಟಾಪಿಗೆ ಮೂರನೇ ಭಾಗವನ್ನು ಇಳಿಸಿಕೊಂಡು ಕೂತಿದ್ದೆ.

ಯಾವುದರ ಮೂರನೇ ಭಾಗ ಎಂದು ಕೇಳುತ್ತೀರಿ. ಹೇಳಲು ಸ್ವಲ್ಪ ನಾಚಿಕೆ, ಯಾಕೆಂದರೆ ನಾನು ತುರುವೇಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಡಂ. ಅದೊಂದು ಬಂದೂಕಿನ ಆಟ. ಎಲ್ಲವೂ ಆಡುವವರ ಕಣ್ಣಿಗೆ ಕಂಡಂತೆಯೇ ಕಾಣುತ್ತದೆ, ಪರದೆಯ ಕೆಳಗೆ ನಮ್ಮದೇ ಕೈ, ಕೈಯಲ್ಲಿ ಬಂದೂಕು. ಮೊದಲ ಎರಡು ಭಾಗ ಲೋಕಪ್ರಸಿದ್ಧ. ನುಗ್ಗುವುದು, ಢಂ ಢಂ ಅನ್ನಿಸುವುದು, ಮುಂದಕ್ಕೆ ಓಡುವುದು, ಅಷ್ಟೇ. ಮೂರನೆಯದು ಬಂದಾಗ ಎಲ್ಲರೂ ಮುಖ ಸಿಂಡರಿಸಿದರು. ಪಾಳುಬಿದ್ದ ಗಣಿಯೊಳಗೆ ಕತ್ತಲಲ್ಲಿ ನಡೆಯುವ ಕಥೆ. ಗುಂಡುಗಳು ಕಡಿಮೆ, ಶತ್ರುಗಳೂ ಕಡಿಮೆ, ಬರೀ ಕಾಯುವ ಕೆಲಸ. ಸಾಲದ್ದಕ್ಕೆ ಕಂಪ್ಯೂಟರ್ ಕಾದು ಕೆಂಡವಾಗುತ್ತಿತ್ತು. ತಿಪಟೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದವರು ಎರಡು ದಿನಕ್ಕೇ ಅದನ್ನು ಅಳಿಸಿ ಹಾಕಿ ಎರಡನೇ ಭಾಗಕ್ಕೆ ಮರಳಿದರು. ಅವರೆಲ್ಲ ತಪ್ಪು. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ: ಮೂರೂ ಭಾಗಗಳಲ್ಲಿ ಅದೇ ಒಳ್ಳೆಯದು.

ಇಷ್ಟು ಧೈರ್ಯವಾಗಿ ಹೇಳಲು ನನಗೆ ಕಲಿಸಿದವಳು ನಮ್ಮಜ್ಜಿ. ಬಂದೂಕನ್ನು ಮುಟ್ಟಿದವಳಲ್ಲ, ಮೌಸನ್ನೂ ಮುಟ್ಟಿದವಳಲ್ಲ.

ನಮ್ಮ ಮನೆಯಲ್ಲಿ ಅರ್ಥಿಂಗ್ ಇದ್ದ ಪ್ಲಗ್ ಒಂದೇ ಒಂದು, ಅದೂ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಆಮೇಲೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಮಳೆಗಾಲದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಕೆಳಗಿನಿಂದ ಸಿಪ್ಪೆಯ ಹೊಗೆ ಹಾಕುತ್ತಿದ್ದರು, ಇಲ್ಲದಿದ್ದರೆ ತಂಡಿ ಹಿಡಿದು ಕೊಬ್ಬರಿ ಕೌಟು ವಾಸನೆ ಬರುತ್ತದೆಂದು. ಈಗ ನೋಡಿ, ಹೊಗೆ ಹಾಕುವ ಮೂಲೆಯಲ್ಲೇ ನನ್ನ ಕಂಪ್ಯೂಟರ್ ಬಂದು ಕೂತಿತು. ಜೋಡಿಸಿಕೊಟ್ಟವನು ಹೊಗೆ ತಾಕಿದರೆ ಮಿಷನ್ ಹೋಯಿತೆಂದೇ ತಿಳಿಯಿರಿ ಎಂದು ಎಚ್ಚರಿಸಿ ಹೋಗಿದ್ದ, ಹಾಗಾಗಿ ಆ ಮೂಲೆಗೆ ಹೊಗೆ ಹಾಕುವುದು ನಿಂತಿತು.

ಅಪ್ಪ ಬಸ್ ಕಂಡಕ್ಟರ್, ವಾರಕ್ಕೊಮ್ಮೆ ಮನೆಗೆ ಬರುವವರು. ತೋಟ, ಅಟ್ಟ, ಕೊಬ್ಬರಿ ಎಲ್ಲ ಚಿಕ್ಕಪ್ಪನ ಸುಪರ್ದಿ. ಅವರು ಎಲ್ಲರೂ ಊಟಕ್ಕೆ ಕೂತಿದ್ದಾಗ ಖಡಾಖಂಡಿತವಾಗಿ ಹೇಳಿದರು: "ಆ ಮೂಲೆ ಕೊಬ್ರಿ ಕೌಟಾದ್ರೆ ಕಂಪ್ಯೂಟರ್ ಇಲ್ಲಿರಾಂಗಿಲ್ಲ. ಈಗ್ಲೇ ಹೇಳಿವ್ನಿ."

ಕಂಪ್ಯೂಟರ್ ಹೋದರೆ ನನ್ನ ಓದೂ ಹೋದಂತೆ. ಗಣಿತದ ಜೊತೆ ನಾನು ಓದುತ್ತಿದ್ದದ್ದೇ ಅದನ್ನು. ಕಾಲೇಜಿನ ಲ್ಯಾಬಿನಲ್ಲಿ ಸರದಿ ಕಾದು ಅಭ್ಯಾಸ ಮಾಡಿದರೆ ಊರಿನ ಕೊನೆಯ ಬಸ್ ತಪ್ಪುತ್ತಿತ್ತು, ದಿನವೂ ಬಸ್ ತಪ್ಪಿಸಿಕೊಳ್ಳುವ ಹುಡುಗಿಯನ್ನು ಯಾರು ಕಾಲೇಜಿಗೆ ಕಳಿಸುತ್ತಾರೆ? ಅಜ್ಜಿ ಎದ್ದು ಹೋಗಿ, ಕಂಪ್ಯೂಟರಿನ ಹಿಂಭಾಗಕ್ಕೆ ಅಂಗೈ ಹಿಡಿದು ಬಂದಳು.

"ಬೆಚ್ಚಗೈತೆ ಕಣಪ್ಪ. ಇದೇ ಒಂದು ಒಲೆ ಇದ್ದಂಗೈತೆ. ಹೊಗೆ ಮಾಡೋ ಕೆಲ್ಸ ಇದು ಮಾಡ್ತದೆ ಬುಡು," ಅಂದಳು.

ಅಂದಿನಿಂದ ಅಜ್ಜಿಯದು ಒಂದೇ ವರಾತ. ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ "ಹಾಕೇ, ಆ ಮಿಷನ್ ಹಾಕು, ಮೋಡ ಕವ್ಕೊಂಡೈತೆ" ಎನ್ನುವಳು. ಮೊದಲ ಎರಡು ಭಾಗ ಆಡಿದರೆ ಅಂಗೈ ಹಿಡಿದು ನೋಡಿ "ಇದ್ರಾಗೆ ಕಾವಿಲ್ಲ" ಎಂದು ಮೂತಿ ತಿರುಗಿಸುವಳು. ಮೂರನೆಯದು ಹಾಕಿದರೆ ಹತ್ತು ನಿಮಿಷಕ್ಕೆ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು, ಅಜ್ಜಿಯ ಮುಖ ಅರಳುತ್ತಿತ್ತು. ಬಂದೂಕಿನ ಆಟ ಆಡೆಂದು ಮೊಮ್ಮಗಳ ಬೆನ್ನು ಬೀಳುವ ಅಜ್ಜಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ.

ಆಡುವಾಗ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಪರದೆಯ ಕತ್ತಲಲ್ಲಿ ಅವಳ ಕಣ್ಣಿಗೆ ಏನೇನೂ ಕಾಣಿಸುತ್ತಿರಲಿಲ್ಲ. ನಾನೋ ಮೊದಲೆರಡು ಭಾಗದ ಚಾಳಿಯಲ್ಲಿ ನುಗ್ಗಿ, ಇದ್ದ ಗುಂಡೆಲ್ಲ ಗೋಡೆಗೆ ಹೊಡೆದು, ದಿನಕ್ಕೆ ಹತ್ತು ಸಲ ಸಾಯುತ್ತಿದ್ದೆ. ಒಂದು ಸಂಜೆ ಅವಳು ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ಸುಮ್ನೆ ನಿಂತ್ಕಳೇ. ಬಲಗಡೆ ಯಾವನೋ ಕಾಲೆಳ್ಕೊಂಡು ಬತ್ತಾವ್ನೆ, ಕೇಳಿಸ್ಕೊ."

ನಿಂತೆ. ಕೇಳಿಸಿತು. ತಿರುಗಿದೆ, ಒಂದೇ ಗುಂಡು ಸಾಕಾಯಿತು. ಆಗ ಗೊತ್ತಾಯಿತು ನೋಡಿ, ಅದು ನೋಡುವ ಆಟವಲ್ಲ, ಕೇಳುವ ಆಟ. ಇದನ್ನು ತಿಳಿಯದೆ ಊರೆಲ್ಲ ಅದನ್ನು ಮೂಲೆಗೆ ಎಸೆದಿತ್ತು. ವರ್ಷವಿಡೀ ಕಾಯಿ ಅಲ್ಲಾಡಿಸಿ ಒಳಗಿನದನ್ನು ಹೇಳುವವಳಿಗೆ ಅದೇನು ಕಷ್ಟ!

ಆ ಮಳೆಗಾಲದ ನಡುವೆ ಕೋಣೆಯಲ್ಲಿ ಒಂದು ಮುಗ್ಗಲು ವಾಸನೆ ಶುರುವಾಯಿತು. ಒಳಗೆ ವೈರು ಸುಡುತ್ತಿದೆಯೆಂದು ನನಗೆ ಗಾಬರಿ. ಯಾವತ್ತೂ ಕಂಪ್ಯೂಟರಿನ ಕಡೆ ನೋಡದ ಚಿಕ್ಕಪ್ಪ ಅವತ್ತು ತಾವೇ ಡಬ್ಬವನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನವರೆಗೆ ಹೊತ್ತು ತಂದು, ನನ್ನ ತೊಡೆಯ ಮೇಲೆ ಇಟ್ಟು, "ನಿಧಾನಕ್ಕೆ ತೋರಿಸ್ಕೊಂಡು ಬಾ, ಅವಸ್ರ ಇಲ್ಲ" ಅಂದರು. ತಿಪಟೂರಿನ ರಿಪೇರಿಯವನು ಏನೂ ಆಗಿಲ್ಲವೆಂದು ಧೂಳು ಊದಿ ಕಳಿಸಿದ. ಸಂಜೆ ಬಂದರೆ ವಾಸನೆಯೂ ಇರಲಿಲ್ಲ.

ಕೊಬ್ಬರಿ ಇಳಿಸುವ ದಿನ ಮನೆಯವರೆಲ್ಲ ಸೇರಿದ್ದರು. ಚಿಕ್ಕಪ್ಪ ಆ ಮೂಲೆಯಿಂದ ಕಾಯಿ ತೆಗೆದು ಸೀದಾ ಸುಲಿಯಲು ಕೊಟ್ಟರು. ಒಡೆದರೆ ಒಂದೊಂದೂ ಬೆಳ್ಳಗೆ, ದುಂಡಗೆ, ನೀಟಾದ ಉಂಡೆ. ಚಿಕ್ಕಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು "ಸರಿ, ಇರ್ಲಿ ಬುಡು" ಅಂದರು. ಕಂಪ್ಯೂಟರ್ ಉಳಿಯಿತು, ನನ್ನ ಓದೂ ಉಳಿಯಿತು. ಬಂದೂಕಿನ ಆಟ ಆಡಿ ಕೊಬ್ಬರಿ ಒಣಗಿಸಿದ ಈ ಕಥೆಯನ್ನು ನಾನು ಅದೆಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ. ಉಷ್ಣ ಮೇಲಕ್ಕೆ ಏರುತ್ತದೆ ಎಂಬುದಕ್ಕೆ ನನ್ನ ಖಾಯಂ ಉದಾಹರಣೆ ಅದು, ನಾನು ವಿಜ್ಞಾನದ ಮೇಡಂ ಅಲ್ಲದಿದ್ದರೂ.

ಅಜ್ಜಿ ಈಗ ಇಲ್ಲ. ಭಾನುವಾರ ಅದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಗಣಿಯೊಳಗೆ ಇಳಿದಿದ್ದೆ. ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತರು. ನಾನು ಎಂದಿನ ಜಂಬದಲ್ಲಿ, "ನೆನಪೈತಾ ಚಿಕ್ಕಪ್ಪ? ನಿನ್ನ ಕೊಬ್ರಿ ಒಣಗಿಸಿದ್ದು ಇದೇ ಆಟ," ಅಂದೆ.

ಅವರು ನಕ್ಕರು. "ಒಣಗಿಸ್ತು, ಒಣಗಿಸ್ತು. ಆ ಮೂಲೆ ಪೂರಾ ಕೌಟಾಗಿತ್ತು ಕಣವ್ವ."

ನನ್ನ ಕೈ ನಿಂತಿತು. ಗಣಿಯೊಳಗೆ ಯಾವನೋ ಬಂದು ನನ್ನನ್ನು ಹೊಡೆದು ಹಾಕಿದ.

"ನೀನು ವೈರು ವಾಸ್ನೆ ಅಂದ್ಯಲ್ಲ, ಅದೇ. ನಮ್ಮವ್ವಂಗೆ ನಿನ್ಗಿಂತ ಮುಂಚೆ ಗೊತ್ತಾಗಿತ್ತು. ನೀನು ತಿಪಟೂರಿಗೆ ಹೋದ ದಿನ ಆ ಕಾಯೆಲ್ಲ ಇಳಿಸಿ, ಅಟ್ಟದ ಆ ಕೊನೆಯಿಂದ ಬ್ಯಾರೆ ಕಾಯಿ ತಂದು ಹಾಕಿದ್ದು."

"ಅಜ್ಜಿ ಅಟ್ಟ ಹತ್ತಿದ್ಲಾ?"

"ಅವಳ ಮಂಡಿ ಎಲ್ಲಿ ಬಗ್ತಿತ್ತೇ? ನಾನೇ ಹತ್ತಿದ್ದು."

ಅವರೇ ಮುಂದುವರಿಸಿದರು: "ಎಲ್ರ ಮುಂದೆ ಮಾತಾಡ್ಬಿಟ್ಟಿದ್ದೆ. ನಮ್ಮವ್ವ ಅಂದ್ಲು, ಮಾತು ವಾಪಸ್ ತಗಳಕ್ಕಾಗಲ್ಲ ಕಣ್ಲಾ, ಕಾಯಾದ್ರೂ ಬದಲಾಯ್ಸು ಅಂತ. ನಾನು ಹೂಂ ಅಂದಿರ್ಲಿಲ್ಲ. ಆಮೇಲೆ ನೀನು ಆ ಡಬ್ಬ ತೊಡೆ ಮ್ಯಾಲೆ ಇಟ್ಕೊಂಡು, ಮಗೀನ ತಬ್ಕೊಂಡಂಗೆ ಬಸ್ನಾಗೆ ಕುಂತಿದ್ದು ನೋಡ್ದೆ. ಸೀದಾ ಮನೆಗೆ ಬಂದು ಏಣಿ ಹಾಕ್ದೆ."

ಆಗ ಹೊಳೆಯಿತು. ಕೊಬ್ಬರಿ ಇಳಿಸಿದ ದಿನ ಚಿಕ್ಕಪ್ಪ ಒಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದಿರಲಿಲ್ಲ. ಅಲ್ಲಾಡಿಸದೆ ಕಾಯಿ ಸುಲಿಯಲು ಕೊಡುವವನು ನಮ್ಮ ಸೀಮೆಯಲ್ಲೇ ಇಲ್ಲ. ಒಳಗೇನಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು. ಕೇಳುವುದನ್ನು ಕಲಿತೆನೆಂದು ಇಷ್ಟು ವರ್ಷ ಬೀಗಿದವಳು ಅವತ್ತು ಎದುರಿಗೇ ನಿಂತಿದ್ದೆ, ಒಂದು ಕಾಯಿಯೂ ಗುಡುಗುಡು ಅನ್ನದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ಓದಿಗೆ ಅಡ್ಡ ನಿಂತವರೆಂದು ಒಳಗೊಳಗೇ ಇವರ ಮೇಲೆ ಮುನಿಸು ಇಟ್ಟುಕೊಂಡೇ ಬಂದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಪ್ರೀತಿ ಉಕ್ಕಿತು. ಅಜ್ಜಿಯ ಮಣೆಯನ್ನು ಎಳೆದು ಪಕ್ಕಕ್ಕೆ ಹಾಕಿದೆ.

ಕೂತರು. ಕೂತವರೇ ಲ್ಯಾಪ್‌ಟಾಪಿನ ಹಿಂದೆ ಅಂಗೈ ಹಿಡಿದರು. "ಬಿಸಿನೇ ಇಲ್ವಲ್ಲೇ ಇದು?"

"ಈಗಿನವು ಹಂಗೇ ಚಿಕ್ಕಪ್ಪ."

"ಮತ್ಯಾಕೆ ಆಡ್ತೀಯ?"

ಧ್ವನಿ ಜಾಸ್ತಿ ಮಾಡಿದೆ. ಗಣಿಯೊಳಗೆ ಕತ್ತಲು, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಅವರು ಕತ್ತು ವಾಲಿಸಿ, ನನ್ನ ಮೊಣಕೈ ಹಿಡಿದರು.

"ನಿಂತ್ಕೊ. ಎಡಗಡೆಯಿಂದ ಬತ್ತಾವ್ನೆ."

ನಿಂತೆ. ಈ ಸಲ ನನಗೂ ಕೇಳಿಸಿತ್ತು, ಅವರಿಗಿಂತ ಮೊದಲೇ. ಆದರೂ ಅವರು ಹೇಳಲಿ ಎಂದು ಸುಮ್ಮನೆ ಕಾದಿದ್ದೆ.