ಸೊಳ್ಳೆಯ ಬಯಕೆ ಊಟ

ಮೊನ್ನೆ ಸಂಜೆ ನನ್ನ ಮಗಳ ತೋಳಿನ ಮೇಲೆ ಸೊಳ್ಳೆಯೊಂದು ಕೂತಿತ್ತು. ಹೊಡೆಯಲು ಕೈ ಎತ್ತಿದೆ.

"ತಡಿಯಮ್ಮಾ, ಪಾಪ, ಬಯಕಿ ಊಟ ಮಾಡಾಕತ್ತೈತಿ" ಅಂದಳು.

ಪಾಪವಂತೆ! ಡೆಂಗಿ ಸೀಸನ್ನಿನಲ್ಲಿ ಬಯಕೆ ಊಟ ಹಾಕಲು ನಾನೇನು ಸೊಳ್ಳೆಯ ತವರುಮನೆಯವಳೇ? ಚಟಾರ್ ಅಂತ ಹೊಡೆದೆ. ಅಂಗೈಗೆ ರಕ್ತ ಮೆತ್ತಿತು. ಬಸುರಿ ಮಗಳಿಗೆ ರಕ್ತ ಕಮ್ಮಿ ಅಂತ ಡಾಕ್ಟರಮ್ಮ ಹೇಳಿದ್ದಾರೆ, ಇದ್ದಷ್ಟಕ್ಕೂ ಈ ಪಾಲುದಾರರು ಬೇರೆ.

ಮಗಳು ಪಲ್ಲವಿ ಸಿರುಗುಪ್ಪದ ಕಾಲೇಜಿನಲ್ಲಿ ಜೂವಾಲಜಿ ಪಾಠ ಹೇಳುತ್ತಾಳೆ. ಚೊಚ್ಚಲ ಹೆರಿಗೆಗೆ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದಿದ್ದಾಳೆ. ದಿನಾ ಒಂದು ಮೊಟ್ಟೆ ತಿನ್ನಿಸಿ ಅಂದಿದ್ದರು ಡಾಕ್ಟರಮ್ಮ. ಆದರೆ ನಮ್ಮತ್ತೆ ಇದ್ದಾರಲ್ಲ? ಕುರುಗೋಡಿನ ಹೆಣ್ಣುಮಗಳು, ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವರು. "ನಾ ಇರೋತನಕ ಈ ಮನ್ಯಾಗ ತತ್ತಿ ಬರಂಗಿಲ್ಲ" ಅಂದುಬಿಟ್ಟರು.

ಮಗಳ ಮುಖ ಬಿಳಿಚಿಕೊಳ್ಳುತ್ತಿತ್ತು. ನನಗೆ ಒಳಗೊಳಗೇ ಭಯ. (ಅತ್ತೆಯೆದುರು ಬಾಯಿ ಬಿಡಲೂ ಭಯ. ಅಜ್ಜಿಯಾಗುವ ವಯಸ್ಸಿನಲ್ಲಿ!)

"ಸೊಳ್ಳಿಗೆ ಯಾತರ ಬಯಕಿ?" ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೇಳಿದರು.

ಮಗಳಿಗೆ ಅಷ್ಟೇ ಸಾಕಾಯಿತು, ಕ್ಲಾಸ್ ಶುರು. ಹೊಟ್ಟೆಪಾಡಿಗಾದರೆ ಹೆಣ್ಣು ಸೊಳ್ಳೆಗೂ ಗಂಡು ಸೊಳ್ಳೆಗೂ ಹೂವಿನ ರಸವೇ ಸಾಕಂತೆ. ಪ್ಯೂರ್ ವೆಜ್! ಆದರೆ ಹೆಣ್ಣಿಗೆ ಮೊಟ್ಟೆ ಬೆಳೆಸಬೇಕಲ್ಲ? ಅದಕ್ಕೆ ರಕ್ತ ಬೇಕು. ರಕ್ತದ ಪ್ರೋಟೀನನ್ನು ಕರಗಿಸಿಕೊಂಡು, ಮೈಯೊಳಗಿನ ಕೊಬ್ಬಿನಲ್ಲಿ ಬೇರೆಯೇ ಪ್ರೋಟೀನ್ ತಯಾರಿಸಿ, ಅದನ್ನು ಅಂಡಾಶಯಕ್ಕೆ ಸಾಗಿಸಿ ಒಂದೊಂದು ಮೊಟ್ಟೆಗೂ ತುಂಬುತ್ತದಂತೆ. ಕೋಳಿಮೊಟ್ಟೆಯಲ್ಲಿ ನಾವು ಹಳದಿ ಅನ್ನುವುದು ಇದನ್ನೇ. ಹುಟ್ಟುವ ಮರಿಗೆ ತಾಯಿ ಕಟ್ಟಿಕೊಡುವ ಬುತ್ತಿ.

"ರಕ್ತ ಸಿಗಲಿಲ್ಲಂದ್ರ?" ಅತ್ತೆ ಕೇಳಿದರು.

"ತತ್ತಿ ಬೆಳಿಯಂಗಿಲ್ಲ ಅಜ್ಜಿ. ಹಂಗ ನಿಂತುಬಿಡ್ತಾವು."

ಅತ್ತೆ ಸುಲಿಯುವುದನ್ನು ನಿಲ್ಲಿಸಿದರು. ಮೊಮ್ಮಗಳ ಹೊಟ್ಟೆಯನ್ನೇ ನೋಡುತ್ತಾ ಕೂತರು.

ಸುಮ್ಮನಿರಬೇಕಿತ್ತು ನಮ್ಮ ಯಜಮಾನರು. ಪೇಪರಿನ ಹಿಂದಿನಿಂದ ದನಿ ಬಂತು: "ಗಂಡು ಸೊಳ್ಳಿ ರಕ್ತ ಮುಟ್ಟಂಗಿಲ್ಲ, ನೋಡವ್ವಾ. ಗಂಡುಜಾತಿ ಎಲ್ಲಾ ಕಡಿ ಸಾತ್ವಿಕ!"

(ಈ ಸಾತ್ವಿಕರು ಭಾನುವಾರ ವಾಕಿಂಗ್ ನೆಪದಲ್ಲಿ ಕಂಟೋನ್ಮೆಂಟ್ ಕಡೆ ಹೋಗಿ, ತಳ್ಳುಬಂಡಿಯ ಮುಂದೆ ಡಬಲ್ ಆಮ್ಲೆಟ್ ಬಾರಿಸಿ, ಲವಂಗ ಅಗಿಯುತ್ತಾ ಮನೆಗೆ ಬರುತ್ತಾರೆ. ನನಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ ಅಂದುಕೊಂಡಿದ್ದೆವು.)

ಅತ್ತೆ ಎದ್ದರು. "ಹಿತ್ತಲದಾಗ ಹಳೇ ಸ್ಟೌ ಹಚ್ಚು. ಬ್ಯಾರೆ ಬೋಗುಣಿ ಇಡು" ಎಂದರು ನನಗೆ. ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು.

ಆಮೇಲೆ ಮಗನ ಕಡೆ ತಿರುಗಿದರು. "ಹೋಗು, ನಿನ್ನ ಬಂಡಿಯಾಂವನ ಕಡಿಂದ ತತ್ತಿ ತಗೊಂಡ್ ಬಾ."

ಪೇಪರ್ ಕೆಳಗೆ ಬಿತ್ತು. "ಯಾ... ಯಾವ ಬಂಡಿ ಅವ್ವಾ?"

"ಹುಡುಗಿ ಹಡಿಯಾಕ ತತ್ತಿ ಬೇಕು, ತಿಳೀತು. ಇಷ್ಟ್ ವರ್ಷ ಕದ್ದು ತಿಂದಿಯಲ್ಲಪಾ, ನಿನಗ ಹಡಿಯೋದೇನಿತ್ತು?"